ರಾಜ್ಯ ಬದಲಿಸಿದರೆ ಎಸ್‌ಆರ್-22 ರದ್ದಾಗುತ್ತದೆಯೇ?

ಇಲ್ಲ. ಅಮೆರಿಕದಲ್ಲಿ ಕುಡಿದು ವಾಹನ ಓಡಿಸಿದ್ದಕ್ಕೋ ವಿಮೆಯಿಲ್ಲದೆ ಸಿಕ್ಕಿಬಿದ್ದದ್ದಕ್ಕೋ ಕೇಳುವ ಎಸ್‌ಆರ್-22 ಪ್ರತ್ಯೇಕ ವಿಮೆಯಲ್ಲ. ನಿಮಗೆ ವಿಮೆಯಿದೆ ಎಂದು ಕಂಪನಿಯು ರಾಜ್ಯಕ್ಕೆ ಸಲ್ಲಿಸುವ ದೃಢೀಕರಣ. ಮನೆ ಬದಲಾದರೂ ಹಳೆಯ ರಾಜ್ಯ ವಿಧಿಸಿದ ಅವಧಿ, ಹಲವೆಡೆ 3 ವರ್ಷ, ಸಾಮಾನ್ಯವಾಗಿ ಬೆನ್ನು ಬಿಡುವುದಿಲ್ಲ. ನ್ಯೂಯಾರ್ಕ್‌ನಂತೆ ಈ ಪದ್ಧತಿಯೇ ಇಲ್ಲದ ರಾಜ್ಯಕ್ಕೆ ಹೋದರೂ ಅಷ್ಟೇ.

ಆದ್ದರಿಂದ ಹೊಸ ಊರಿನಲ್ಲಿ ವಿಮೆ ಕೊಳ್ಳುವಾಗಲೇ, ಹಳೆಯ ರಾಜ್ಯಕ್ಕೆ ಎಸ್‌ಆರ್-22 ಸಲ್ಲಿಸುತ್ತೀರಾ ಎಂದು ಏಜೆಂಟರನ್ನು ನೇರವಾಗಿ ಕೇಳಿ. ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಅದು ಅಲ್ಲಿ ದಾಖಲಾಗುವ ತನಕ ಹಳೆಯ ಪಾಲಿಸಿಯನ್ನು ಮುಟ್ಟಬೇಡಿ. ಎಲ್ಲರೂ ಎಡವುವುದು ಇಲ್ಲೇ: ಪಾಲಿಸಿ ನಿಂತ ಕೂಡಲೇ ಕಂಪನಿ, ವಿಮೆ ನಿಂತಿದೆ ಎಂದು ರಾಜ್ಯಕ್ಕೆ ತಿಳಿಸುವ ಎಸ್‌ಆರ್-26 ಕಳುಹಿಸುತ್ತದೆ, ಲೈಸೆನ್ಸ್ ಅಮಾನತಾಗುತ್ತದೆ. ಆ ಅಮಾನತು ರಾಷ್ಟ್ರೀಯ ಚಾಲಕರ ನೋಂದಣಿಯಲ್ಲಿ ಕಾಣುವುದರಿಂದ ಹೊಸ ರಾಜ್ಯವೂ ಲೈಸೆನ್ಸ್ ನಿರಾಕರಿಸಬಹುದು. ಫ್ಲೋರಿಡಾ, ವರ್ಜೀನಿಯಾಗಳಲ್ಲಿ ಕೇಳುವ ಇಂಥದ್ದೇ ದೃಢೀಕರಣವಾದ ಎಫ್‌ಆರ್-44 ಇನ್ನೂ ದುಬಾರಿ. ಅದಕ್ಕೆ ಹೆಚ್ಚಿನ ವಿಮಾ ಮಿತಿ ಬೇಕು. ರಾಜ್ಯ ಬಿಟ್ಟವರಿಗೆ ಇದರಿಂದ ವಿನಾಯಿತಿ ಉಂಟೇ ಎಂಬುದನ್ನು ಹಳೆಯ ರಾಜ್ಯದ ಸಾರಿಗೆ ಇಲಾಖೆಯಿಂದ ಬರವಣಿಗೆಯಲ್ಲೇ ಪಡೆಯಿರಿ.