ಬುದ್ಧಿವಂತಿಕೆ ಒಂದೇ ಸಾಮರ್ಥ್ಯವೋ, ಹಲವು ಸಾಮರ್ಥ್ಯಗಳೋ?

ಎರಡೂ ಹೌದು. ಬಿಡಿ ಸಾಮರ್ಥ್ಯಗಳು ಹಲವು, ಆದರೆ ಅವು ಒಂದಕ್ಕೊಂದು ಹೆಣೆದುಕೊಂಡಿವೆ. ಎಲ್ಲ ಮನಶ್ಶಾಸ್ತ್ರಜ್ಞರೂ ಒಪ್ಪುವ ವ್ಯಾಖ್ಯೆ ಇಲ್ಲ. ಕಲಿಯುವ, ತರ್ಕಿಸುವ, ಹೊಸ ಸನ್ನಿವೇಶಕ್ಕೆ ಹೊಂದಿಕೊಳ್ಳುವ ಶಕ್ತಿ ಎಂಬುದು ಬಹುತೇಕ ವ್ಯಾಖ್ಯೆಗಳ ತಿರುಳು.

ಎರಡು ಪರೀಕ್ಷೆಗಳನ್ನು ನೋಡಿ: ಪದಗಳ ಅರ್ಥ ಹೇಳುವುದು, ಬಣ್ಣದ ಘನಗಳನ್ನು ಚಿತ್ರದಲ್ಲಿರುವಂತೆ ಜೋಡಿಸುವುದು. ಮೇಲ್ನೋಟಕ್ಕೆ ನಂಟೇ ಕಾಣದು. ಆದರೂ ಬಹಳ ಜನರಿಗೆ ಕೊಟ್ಟು ನೋಡಿದರೆ, ಒಂದರಲ್ಲಿ ಮುಂದಿರುವವರು ಇನ್ನೊಂದರಲ್ಲೂ ಸರಾಸರಿಗಿಂತ ಮುಂದಿರುವುದೇ ಹೆಚ್ಚು. 1904ರಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಇದರ ಹಿಂದಿನ ಸಮಾನ ಅಂಶವನ್ನು ‘ಜಿ’, ಅಂದರೆ ಸಾಮಾನ್ಯ ಬುದ್ಧಿಶಕ್ತಿ ಎಂದು ಕರೆದರು. ಈ ನಂಟು ಪೂರ್ಣವಲ್ಲ. ಲೆಕ್ಕದಲ್ಲಿ ಚುರುಕಾದವರು ಮಾತಿನಲ್ಲಿ ತಡವರಿಸುವುದುಂಟು. ಮುಂದೆ ರೇಮಂಡ್ ಕ್ಯಾಟೆಲ್ ಹೊಸ ಒಗಟು ಬಿಡಿಸುವ ಚುರುಕನ್ನೂ ಕಲಿತು ಕೂಡಿಟ್ಟ ಅರಿವನ್ನೂ ಬೇರ್ಪಡಿಸಿದರು. ವಯಸ್ಸಾದಂತೆ ಮೊದಲನೆಯದು ಬೇಗ ಕುಗ್ಗುತ್ತದೆ, ಪದಸಂಪತ್ತು ಬಹುಕಾಲ ಉಳಿಯುತ್ತದೆ.

1983ರಲ್ಲಿ ಹೊವಾರ್ಡ್ ಗಾರ್ಡ್ನರ್ ಮುಂದಿಟ್ಟ ಬಹುಬುದ್ಧಿ ಸಿದ್ಧಾಂತ ಸಂಗೀತ, ದೇಹಚಲನೆಗಳನ್ನೂ ಸ್ವತಂತ್ರ ಬುದ್ಧಿಗಳೆಂದು ಎಣಿಸುತ್ತದೆ. ಶಿಕ್ಷಕರಿಗೆ ಅದು ಬಲು ಪ್ರಿಯ, ಅಳೆದು ನೋಡಿ ಸಿಕ್ಕ ಪುರಾವೆ ಮಾತ್ರ ತೆಳು. ನನ್ನನ್ನು ಕೇಳಿದರೆ, ಅವುಗಳಲ್ಲಿ ಕೆಲವನ್ನು ಪ್ರತಿಭೆ ಎನ್ನುವುದೇ ಸರಿ.