ಪ್ಯಾರಮೀಸಿಯಂ ಹಿಂದಕ್ಕೆ ಈಜದಿದ್ದರೆ ಮೊದಲು ನೀರು ನೋಡಿ
ಹಾಸನದ ಕಾಲೇಜ್ ಲ್ಯಾಬ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್‌ಗೆ ಹಿಂದಕ್ಕೆ ಈಜಿದ ಪ್ಯಾರಮೀಸಿಯಂ (ನೀರಲ್ಲಿರುವ ಏಕಕೋಶ ಜೀವಿ), ಮನೆಯ ಬೋರ್‌ವೆಲ್ ನೀರಲ್ಲಿ ಅದನ್ನೇ ಹಾಕಿದರೂ ಸುಮ್ನೆ ಮುಂದಕ್ಕೇ ಹೋಗ್ತಿದೆ ಅಂದಿದ್ದೀರಿ. ಅದು ಈಜಲು ಬಡಿಯುವ ಸಣ್ಣ ಕೂದಲಿನಂಥ ಎಳೆಗಳು, ಅಂದರೆ ಸಿಲಿಯಾ, ಹಾಳಾಗಿಲ್ಲ. ಬಹುಶಃ ನೀರಿನ ಕ್ಯಾಲ್ಸಿಯಂ ಜಾಸ್ತಿ ಇದೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಾ? ಹಾಗಿದ್ದರೆ ಅನುಮಾನ ಇನ್ನೂ ಗಟ್ಟಿ.

ಪೊಟ್ಯಾಸಿಯಂ ಸಿಲಿಯಾವನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಜೀವಕೋಶದ ಪೊರೆಯ ವಿದ್ಯುತ್ ಸ್ಥಿತಿ ಬದಲಿಸುತ್ತದೆ. ಆಗ ಸಿಲಿಯಾ ಪೊರೆಯಲ್ಲಿರುವ ಕ್ಯಾಲ್ಸಿಯಂ ಬಾಗಿಲುಗಳು ತೆರೆದು, ಒಳಬಂದ ಕ್ಯಾಲ್ಸಿಯಂ ಬಡಿತದ ದಿಕ್ಕನ್ನು ತಿರುಗಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ತಿರುಗುವುದೇ ಇಲ್ಲ. ವಿಚಿತ್ರ ಅಂದ್ರೆ, ಹೊರಗೆ ಅದು ಅತಿಯಾದರೂ ಪೊಟ್ಯಾಸಿಯಂನ ಆಟ ನಡೆಯುವುದಿಲ್ಲ. ಎರಡರ ಅನುಪಾತವೇ ಮುಖ್ಯ.

ಹೀಗೆ ಮಾಡಿ. 1.47 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ (ಡೈಹೈಡ್ರೇಟ್) ಅನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ. ಇನ್ನೆರಡು ಬಾಟಲಿಗೆ ತಲಾ 100 ಮಿ.ಲೀ. ಡಿಸ್ಟಿಲ್ಡ್ ನೀರು, ಈ ದ್ರಾವಣ 1 ಮಿ.ಲೀ. ಹಾಕಿ. ಮೊದಲನೆಯದಕ್ಕೆ 0.03 ಗ್ರಾಂ, ಎರಡನೆಯದಕ್ಕೆ 0.3 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ. ಪ್ಯಾರಮೀಸಿಯಂಗಳನ್ನು ಮೊದಲನೆಯದರಲ್ಲಿ ಅರ್ಧ ಗಂಟೆ ಬಿಡಿ. ಆಮೇಲೆ ಡ್ರಾಪರ್‌ನಲ್ಲಿ ಒಂದೇ ಒಂದು ಸಣ್ಣ ಹನಿ ತೆಗೆದು ಎರಡನೆಯದಕ್ಕೆ ಬಿಡಿ. ಹನಿ ದೊಡ್ಡದಾದರೆ ಲೆಕ್ಕ ಕೆಡುತ್ತದೆ, ನಾನೂ ಇಲ್ಲೇ ಎಡವಿದ್ದೆ.

ಬಿಟ್ಟ ತಕ್ಷಣ ನೋಡಬೇಕು. ಸ್ವಲ್ಪ ಹೊತ್ತಿನಲ್ಲೇ ಅವು ಮತ್ತೆ ಮುಂದಕ್ಕೆ ಹೊರಡುತ್ತವೆ, ಅದು ಸಹಜ. ನಿಮ್ಮ ನೀರನ್ನು ಪರೀಕ್ಷಿಸದೆ ಇದೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಈ ದ್ರಾವಣದಲ್ಲೂ ಹಿಂದಕ್ಕೆ ಈಜದಿದ್ದರೆ ಹೊಸ ಕಲ್ಚರ್ (ಬೆಳೆಸಿದ ಪ್ಯಾರಮೀಸಿಯಂಗಳ ನೀರು) ತೆಗೆದುಕೊಂಡು ಇನ್ನೊಮ್ಮೆ ಮಾಡಿ.