ಕಿಟ್ ನೆಗೆಟಿವ್, ಆದರೂ ಅಮ್ಮನಿಗೆ ಜ್ವರ

ಮನೆಯಲ್ಲಿ ಮಾಡಿದ ಕೋವಿಡ್ ಕಿಟ್ ನೆಗೆಟಿವ್ ಬಂದರೂ ಅಮ್ಮನಿಗೆ ಜ್ವರ ಯಾಕೆ ಅಂತ ಕೇಳಿದ್ದೀರಿ. ಬಹುಶಃ ಟೆಸ್ಟ್ ಬೇಗ ಮಾಡಿದ್ದೀರಿ. ಜ್ವರ ಬಂದ ದಿನವೇ ಕಿಟ್‌ಗೆ ಸಿಗುವಷ್ಟು ವೈರಸ್ ಮೂಗಿನಲ್ಲಿ ಇರದೇ ಇರಬಹುದು, 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಅಲ್ಲಿವರೆಗೆ ಕೋವಿಡ್ ಅಂತಲೇ ತಿಳಿದು ಅಮ್ಮನಿಗೆ ಬೇರೆ ಕೋಣೆ ಕೊಡಿ, ಹತ್ತಿರ ಹೋಗುವವರು ಮಾಸ್ಕ್ ಹಾಕಲಿ, ತೀರ್ಥಹಳ್ಳಿ ಚಳಿ ಅಂತ ಕಿಟಕಿ ಮುಚ್ಚಬೇಡಿ.

ಆದರೆ ಹೋದ ವಾರ ದರಗು (ಒಣಗಿ ಬಿದ್ದ ಎಲೆ) ತರಲು ಕಾಡಿಗೆ ಹೋಗಿದ್ದರು ಅಂದಿದ್ದೀರಲ್ಲ, ನನಗೆ ಅದೇ ಜಾಸ್ತಿ ಚಿಂತೆ. ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ, ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿದರೆ ಬರುತ್ತೆ, ಶುರುವಿನಲ್ಲಿ ಅದಕ್ಕೂ ಜ್ವರ, ತಲೆನೋವು, ಮೈಕೈನೋವೇ. ಲಕ್ಷಣ ನೋಡಿ ಯಾವುದು ಅಂತ ಹೇಳಲು ಆಗಲ್ಲ. ಎರಡನೇ ಟೆಸ್ಟಿಗೆ ಕಾಯದೆ ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿನ ವಿಷಯ ಹೇಳಿ, ರಕ್ತ ಪರೀಕ್ಷೆ ಕೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಸುಮ್ನೆ ಬೇರೆ ನೋವಿನ ಮಾತ್ರೆ ಕೊಡಬೇಡಿ.

ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ 94ಕ್ಕಿಂತ ಇಳಿದರೆ ಅಥವಾ ಒಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.